ಮೊದಲ ಫೈಲ್‌ನ ಹಣೆಪಟ್ಟಿಯನ್ನು ಎಲ್ಲಕ್ಕೂ ಅಂಟಿಸಬೇಡಿ

ಮಳೆ, ಉಷ್ಣಾಂಶ, ಸಮುದ್ರ ಅಂತ ದತ್ತಾಂಶದ ಜೊತೆ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಒಂದು ಮಾತು ಹೇಳಬೇಕಿದೆ. ವರ್ಷಕ್ಕೊಂದರಂತೆ ಇರುವ ಹತ್ತಾರು ಫೈಲ್‌ಗಳನ್ನು ಸೇರಿಸಿ ಒಂದು ಮಾಡುತ್ತೀರಲ್ಲ, ಆಗ ಮೆಟಾಡೇಟಾ, ಅಂದರೆ ದತ್ತಾಂಶದ ಬಗ್ಗೆ ಫೈಲ್‌ನಲ್ಲೇ ಬರೆದಿಟ್ಟ ವಿವರ, ಏನಾಯಿತು ಅಂತ ದಯವಿಟ್ಟು ನೋಡಿ. ಅಳತೆ ಮಿಲಿಮೀಟರಾ ಮೀಟರಾ, ದಿನ ಯಾವಾಗ ಶುರುವಾಗುತ್ತದೆ, ಯಾವ ಉಪಕರಣ, ದಾಖಲೆ ಇಲ್ಲದ ಕಡೆ ಯಾವ ಅಂಕಿ ತುಂಬಿದ್ದಾರೆ, ಎಲ್ಲ ಇರುವುದು ಅಲ್ಲೇ.

ನಮ್ಮ ಮಳೆಯನ್ನೇ ತೆಗೆದುಕೊಳ್ಳಿ. ಭಾರತೀಯ ಹವಾಮಾನ ಇಲಾಖೆಯ ಗ್ರಿಡ್ (ದೇಶವನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕಿದ) ಮಳೆ ದತ್ತಾಂಶ 1901ರಿಂದ ಸಿಗುತ್ತದೆ. ಅಲ್ಲಿ ಜುಲೈ 10ರ ಮಳೆ ಅಂದರೆ 9ರ ಬೆಳಿಗ್ಗೆ 8:30ರಿಂದ 10ರ ಬೆಳಿಗ್ಗೆ 8:30ರವರೆಗೆ ಬಿದ್ದದ್ದು. ನಾಸಾದ ಐಮರ್ಗ್ ಉಪಗ್ರಹ ದತ್ತಾಂಶದ ದಿನ ಶುರುವಾಗುವುದು ಗ್ರೀನಿಚ್‌ನ ಮಧ್ಯರಾತ್ರಿ, ಅಂದರೆ ನಮ್ಮ ಬೆಳಿಗ್ಗೆ 5:30ಕ್ಕೆ. ಲೆಕ್ಕ ಹಾಕಿ ನೋಡಿ: ಇಲಾಖೆಯ 10ನೇ ತಾರೀಖಿನ 24 ಗಂಟೆಗಳಲ್ಲಿ 21 ಗಂಟೆ ಉಪಗ್ರಹದ 9ನೇ ತಾರೀಖಿಗೆ ಸೇರುತ್ತವೆ! ಬರೀ ತಾರೀಖು ನೋಡಿ ಎರಡನ್ನೂ ಸೇರಿಸಿದರೆ ಆಗುಂಬೆಯ ದೊಡ್ಡ ಮಳೆ ಒಂದು ದಿನ ಆಚೀಚೆ ಆಗುತ್ತದೆ. ಆಮೇಲೆ 'ಘಟ್ಟದ ಮಳೆ ಉಪಗ್ರಹಕ್ಕೆ ಕಾಣುವುದೇ ಇಲ್ಲ' ಅಂತ ತೀರ್ಮಾನ. ಘಟ್ಟದಲ್ಲಿ ಉಪಗ್ರಹಕ್ಕೆ ಕಷ್ಟ ಇರುವುದು ನಿಜ. ಆದರೆ ಇಲ್ಲಿ ತಪ್ಪು ಅದರದ್ದಲ್ಲ, ಸೇರಿಸಿದ ರೀತಿಯದ್ದು.

ಇದರ ಜೊತೆಗೆ ಯುರೋಪಿನ ಇಆರ್‌ಎ5 ಅನ್ನುವ ಹವಾಮಾನ ದತ್ತಾಂಶ ಮಳೆಯನ್ನು ಮೀಟರ್‌ನಲ್ಲಿ ಕೊಡುತ್ತದೆ. ಕೆಲವು ಹವಾಮಾನ ಮಾದರಿಗಳ ಕ್ಯಾಲೆಂಡರಿನಲ್ಲಿ ವರ್ಷಕ್ಕೆ 360 ದಿನ, ಫೆಬ್ರವರಿಗೂ 30 ದಿನ.

ನನಗೆ ಜಾಸ್ತಿ ಚಿಂತೆ ನಮ್ಮ ಸಾಫ್ಟ್‌ವೇರ್‌ಗಳದ್ದು. ಇಂಥ ದತ್ತಾಂಶಕ್ಕೆ ಬಳಸುವ ಪೈಥಾನ್ ಸಾಫ್ಟ್‌ವೇರ್ ಎಕ್ಸ್‌ಅರೇಯಲ್ಲಿ ಫೈಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸುವಾಗ ನೀವಾಗಿ ಬೇರೇನೂ ಹೇಳದಿದ್ದರೆ ಮೊದಲ ಫೈಲ್‌ನ ಮೆಟಾಡೇಟಾವೇ ಎಲ್ಲಕ್ಕೂ ಅಂಟಿಕೊಳ್ಳುತ್ತದೆ. ಎರಡನೇ ಫೈಲ್‌ನ ಅಳತೆ ಬೇರೆ ಇದ್ದರೂ ಒಂದು ಎಚ್ಚರಿಕೆ ಬರುವುದಿಲ್ಲ. ಜಾಗ ಉಳಿಸಲು ಅಂಕಿಗಳನ್ನು 16 ಬಿಟ್‌ನ ಪೂರ್ಣಾಂಕಗಳಾಗಿ ಕುಗ್ಗಿಸಿಟ್ಟ ಫೈಲ್‌ಗಳಲ್ಲಂತೂ ಇದು ಇನ್ನೂ ಅಪಾಯ. ಆ ಪೂರ್ಣಾಂಕವನ್ನು ಯಾವುದರಿಂದ ಗುಣಿಸಿದರೆ ನಿಜವಾದ ಅಂಕಿ ಸಿಗುತ್ತದೋ ಆ ಗುಣಕ ಒಂದೊಂದು ಫೈಲ್‌ನಲ್ಲಿ ಒಂದೊಂದು ಥರ ಇರಬಹುದು. ಸೇರಿಸಿದ್ದನ್ನು ಮೊದಲ ಫೈಲ್‌ನ ಗುಣಕದಲ್ಲೇ ಮತ್ತೆ ಬರೆದರೆ ದೊಡ್ಡ ಅಂಕಿಗಳು ಆ 16 ಬಿಟ್‌ನಲ್ಲಿ ಹಿಡಿಯದೆ ಏನೇನೋ ಆಗಿಬಿಡುತ್ತವೆ. ಅತಿ ದೊಡ್ಡ ಮಳೆಯ ದಿನವೇ ಕೆಟ್ಟುಹೋಗುತ್ತದೆ, ನಾವು ಹುಡುಕುತ್ತಿರುವುದೂ ಆ ದಿನವನ್ನೇ ಅಲ್ವಾ?

ಹಾಗಂತ ಎಲ್ಲವನ್ನೂ ಒಂದೇ ಥರ ಮಾಡಿಬಿಟ್ಟರೆ ಮುಗಿಯಿತು ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಅಳತೆ ಒಂದೇ ಆಗಬೇಕು, ಸರಿ. ಆದರೆ ಪ್ರತಿ ದಾಖಲೆ ಎಲ್ಲಿಂದ ಬಂತು ಅನ್ನುವ ಗುರುತು ಅಳಿಸಬಾರದು. ಸಮುದ್ರದ ಮೇಲ್ಮೈ ಉಷ್ಣಾಂಶದ ಕಥೆ ಕೇಳಿ. ಐಕೋಡ್ಸ್ ಅನ್ನುವ ಸಂಗ್ರಹದಲ್ಲಿ ಬೇರೆ ಬೇರೆ ದೇಶಗಳ ಹಡಗುಗಳ ಹಳೆಯ ದಾಖಲೆಗಳಿವೆ. ಆ ದಾಖಲೆಗಳ ಪ್ರಕಾರ 1945ರಲ್ಲಿ ಸಮುದ್ರ ಇದ್ದಕ್ಕಿದ್ದಂತೆ ಸುಮಾರು 0.3 ಡಿಗ್ರಿ ತಣ್ಣಗಾಗಿತ್ತು. 2008ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಲೇಖನ ಕಾರಣ ತೋರಿಸಿತು. ಯುದ್ಧದ ವರ್ಷಗಳ ದಾಖಲೆಗಳಲ್ಲಿ ಅಮೆರಿಕದ ಹಡಗುಗಳೇ ಹೆಚ್ಚು. ಅವು ಅಳೆಯುತ್ತಿದ್ದದ್ದು ಎಂಜಿನ್ ಕೋಣೆಗೆ ಬರುವ ನೀರನ್ನು. ಯುದ್ಧ ಮುಗಿದ ಕೂಡಲೇ ಬ್ರಿಟಿಷ್ ಹಡಗುಗಳ ಪಾಲು ಹೆಚ್ಚಾಯಿತು. ಅವರದ್ದು ಬಕೆಟ್‌ನಲ್ಲಿ ಎತ್ತಿದ ನೀರು, ಮೇಲೆ ಬರುವಷ್ಟರಲ್ಲಿ ಅದು ತಣ್ಣಗಾಗುತ್ತದೆ. ಇದು ಪತ್ತೆಯಾಗಿದ್ದು ದಾಖಲೆಗಳ ಪಕ್ಕದಲ್ಲಿ ದೇಶದ ಗುರುತು ಉಳಿದಿದ್ದರಿಂದ. ಯಾವ ಪಂಚ್ ಕಾರ್ಡ್ (ಹಿಂದೆ ತೂತು ಹೊಡೆದು ದಾಖಲೆ ಇಡುತ್ತಿದ್ದ ಕಾರ್ಡ್) ಕಟ್ಟಿನಿಂದ ಬಂತು ಅನ್ನುವ ಸಂಖ್ಯೆಯನ್ನೂ ಆ ಸಂಗ್ರಹದಲ್ಲಿ ಇವತ್ತಿಗೂ ಇಟ್ಟಿದ್ದಾರೆ. ಜಪಾನಿನ ಕೆಲವು ಹಳೆಯ ದಾಖಲೆಗಳಲ್ಲಿ ದಶಮಾಂಶವನ್ನೇ ಕತ್ತರಿಸಿದ್ದಾರೆ ಅಂತ 2019ರಲ್ಲಿ ಗೊತ್ತಾಗಿದ್ದಕ್ಕೂ ಇಂಥ ಗುರುತುಗಳೇ ನೆರವಾದವು.

ಹಾಗಾಗಿ ಸೇರಿಸಿದ ಫೈಲ್‌ನಲ್ಲಿ ಪ್ರತಿ ದಿನಾಂಕದ ಜೊತೆ ಮೂಲ ಫೈಲ್‌ನ ಹೆಸರು ಮತ್ತು ಆವೃತ್ತಿ ಇಡುವ ಒಂದು ಕಾಲಂ ಮಾಡಿ. ದಿನದ ಆರಂಭ, ಕೊನೆ ಎರಡನ್ನೂ ಬರೆಯಿರಿ. ಅದಕ್ಕೆಂದೇ ಹವಾಮಾನ ಫೈಲ್‌ಗಳ ಮೆಟಾಡೇಟಾ ಹೇಗೆ ಬರೆಯಬೇಕು ಅಂತ ಹೇಳುವ ಸಿಎಫ್ ನಿಯಮಗಳಲ್ಲಿ ಜಾಗ ಇದೆ. ಫೈಲ್‌ಗೆ ಈವರೆಗೆ ಏನೇನು ಮಾಡಿದ್ದಾರೆ ಅಂತ ಹೇಳುವ ಹಿಸ್ಟರಿ ಸಾಲನ್ನು ಅಳಿಸಬೇಡಿ, ಕೆಳಗೆ ನಿಮ್ಮ ಕಮಾಂಡ್ ಸೇರಿಸಿ. ಎಕ್ಸ್‌ಅರೇಯಲ್ಲಿ ಮೆಟಾಡೇಟಾ ಹೊಂದದಿದ್ದರೆ ಕೆಲಸವನ್ನೇ ನಿಲ್ಲಿಸುವ ಆಯ್ಕೆ ಇದೆ, ಅದನ್ನೇ ಬಳಸಿ. ಎರರ್ ಬಂದರೆ ಬರಲಿ, ಆ ಎರರ್ ಓದಿ. ಮಾರ್ಗದರ್ಶಕರಲ್ಲೂ ಒಂದು ಬೇಡಿಕೆ: ವಿದ್ಯಾರ್ಥಿ ಗ್ರಾಫ್ ತಂದು ತೋರಿಸಿದಾಗ ಮೆಟಾಡೇಟಾ ಇರುವ ಫೈಲ್‌ನ ಹೆಡರನ್ನೂ ತೆರೆಸಿ ನೋಡಿ. ಐದು ನಿಮಿಷ ಸಾಕು.