ರಜೆಯಲ್ಲಿ ಮತ್ತೆ ಸಿಕ್ಕ ಬಸವನಹುಳು

ಸೆಮಿಸ್ಟರ್ ಪರೀಕ್ಷೆ ಮುಗಿದು 11 ದಿನಗಳಾದವು. ಮೊದಲ ವಾರ ನಿದ್ದೆಯಲ್ಲೇ ಕಳೆಯಿತು. ನಿನ್ನೆ ಹಳೆಯ ನೋಟ್ಸ್‌ಗಳನ್ನು ಕಟ್ಟಿಡಲು ಕುಳಿತಾಗ, ಕಾನೂನು ಓದಿನ ಮೊದಲ ವರ್ಷದ ಟಾರ್ಟ್ (ಒಪ್ಪಂದವಿಲ್ಲದಿದ್ದರೂ ಇನ್ನೊಬ್ಬರಿಗಾದ ಹಾನಿಗೆ ಹೊಣೆಯಾಗಿಸುವ ಕಾನೂನು) ಪುಸ್ತಕದಲ್ಲಿ ಡೊನೊಹ್ಯೂ ವಿರುದ್ಧ ಸ್ಟೀವನ್ಸನ್ ಪ್ರಕರಣದ ಬಗ್ಗೆ ನಾನು ಗೀಚಿಕೊಂಡಿದ್ದ ಸಾಲು ಕಣ್ಣಿಗೆ ಬಿತ್ತು: '1932. ಬಾಟಲಿಯಲ್ಲಿ ಬಸವನಹುಳು. ನೆರೆಯವರ ತತ್ವ. ಪರೀಕ್ಷೆಗೆ ಖಂಡಿತ.' ನನ್ನ ಓದಿನ ಕಷ್ಟವೆಲ್ಲ ಆ ಒಂದು ಸಾಲಿನಲ್ಲಿಯೇ ಅಡಗಿದೆ ಎಂದು ಈಗ ಅನ್ನಿಸುತ್ತಿದೆ.

ನೆರೆಯವರ ತತ್ವವೆಂದರೆ, ನಮ್ಮ ಕೆಲಸದಿಂದ ಹಾನಿಯಾಗಬಹುದಾದವರ ಬಗ್ಗೆ ಎಚ್ಚರ ವಹಿಸಬೇಕೆಂಬ ಹೊಣೆ. ಅಂಕಕ್ಕೆ ಬೇಕಾದದ್ದೆಲ್ಲ ಆ ಸಾಲಿನಲ್ಲಿದೆ. ಮೇ ಡೊನೊಹ್ಯೂ ಎಂಬ ಹೆಂಗಸು ಮಾತ್ರ ಇಲ್ಲ. 1928ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯ ಒಂದು ಕೆಫೆಯಲ್ಲಿ ಗೆಳತಿಯೊಬ್ಬರು ಆಕೆಗೆ ಜಿಂಜರ್ ಬಿಯರ್ ಕೊಡಿಸಿದ್ದರು. ಆ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತು, ಅದರಿಂದ ಕಾಯಿಲೆ ಬಿದ್ದೆ ಎಂಬುದು ಆಕೆಯ ದೂರು. ಹಣ ಕೊಟ್ಟವರು ಗೆಳತಿಯಾದ್ದರಿಂದ ಆಕೆಗೂ ಅಂಗಡಿಯವನಿಗೂ ಒಪ್ಪಂದವೇ ಇರಲಿಲ್ಲ. ಹಾಗಾಗಿ ತಯಾರಕ ಸ್ಟೀವನ್ಸನ್ ಮೇಲೆಯೇ ದಾವೆ ಹೂಡಬೇಕಾಯಿತು. ಮೇಲ್ಮನವಿ ಆಗ ಬ್ರಿಟನ್ನಿನ ಕೊನೆಯ ಮೇಲ್ಮನವಿ ಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ಗೆ ಹೋದಾಗ, ತನ್ನ ಆಸ್ತಿಯೆಲ್ಲ ಸೇರಿದರೂ 5 ಪೌಂಡ್ ಆಗದು ಎಂದು ಪ್ರಮಾಣ ಮಾಡಿ, ಬಡವಳೆಂಬ ನೆಲೆಯಲ್ಲಿಯೇ ವ್ಯಾಜ್ಯ ನಡೆಸಲು ಆಕೆ ಅನುಮತಿ ಪಡೆದಳು. ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಆಕೆಯ ಪರ, ಇಬ್ಬರು ವಿರುದ್ಧ. ಇನ್ನೊಬ್ಬರು ಆಚೆ ವಾಲಿದ್ದರೆ ನಮ್ಮ ಪಠ್ಯದ ಒಂದು ಅಧ್ಯಾಯ ಬೇರೆಯೇ ಆಗಿರುತ್ತಿತ್ತು. ಬಾಟಲಿಯಲ್ಲಿ ಹುಳು ಇತ್ತೇ ಎಂಬುದಂತೂ ಕೊನೆಗೂ ಸಾಬೀತಾಗಲಿಲ್ಲ. ಸ್ಟೀವನ್ಸನ್ ತೀರಿಕೊಂಡ ಮೇಲೆ ವಿಚಾರಣೆ ನಡೆಯದೆ ರಾಜಿಯಲ್ಲಿ ಮುಗಿಯಿತು. ಇಷ್ಟನ್ನೂ ನಾನು ತಿಳಿದುಕೊಂಡದ್ದು ಪರೀಕ್ಷೆ ಬರೆದು ಎಷ್ಟೋ ದಿನಗಳಾದ ಮೇಲೆ.

ತೀರ್ಪನ್ನು ಓದುವ ಕ್ರಮದಲ್ಲಿಯೇ ತಪ್ಪಿದೆ ಎಂದು ನಾನು ಹೇಳಲಾರೆ. ಯಾವ ಸಂಗತಿಯ ಮೇಲೆ ತೀರ್ಪು ನಿಂತಿದೆ, ಯಾವುದು ಪ್ರಾಸಂಗಿಕ ಮಾತು ಎಂದು ಬೇರ್ಪಡಿಸಲು ಬಾರದವರು ವಕೀಲರಾಗುವುದು ಸಾಧ್ಯವಿಲ್ಲ. ಮೊದಲನೆಯದಾದ ರೇಷಿಯೊ ಯಾವುದು, ಎರಡನೆಯದಾದ ಆಬಿಟರ್ ಯಾವುದು ಎಂದು ತಿಳಿಯದೆ ಮೊದಲ ಸೆಮಿಸ್ಟರಿನಲ್ಲಿ ಇಡೀ ಪುಟಕ್ಕೆ ಹಳದಿ ಬಳಿದವಳು ನಾನು. 1870ರಲ್ಲಿ ಹಾರ್ವರ್ಡ್‌ನಲ್ಲಿ ಲ್ಯಾಂಗ್‌ಡೆಲ್ ಎಂಬ ಕಾನೂನು ಪ್ರಾಧ್ಯಾಪಕರು ಉಪನ್ಯಾಸವನ್ನು ಬದಿಗಿಟ್ಟು ತೀರ್ಪುಗಳನ್ನೇ ಮುಂದಿಟ್ಟುಕೊಂಡು ಪ್ರಶ್ನೆ ಕೇಳುವ ಪದ್ಧತಿ ಆರಂಭಿಸಿದಾಗ, ವಿದ್ಯಾರ್ಥಿಯೇ ತತ್ವವನ್ನು ಹುಡುಕಿ ತೆಗೆಯಲಿ ಎಂಬುದು ಅದರ ಆಶಯವಾಗಿತ್ತು. ನಾವಾದರೋ ಯಾರೋ ಹುಡುಕಿಟ್ಟ ತತ್ವವನ್ನು ಹಿರಿಯರ ನೋಟ್ಸ್‌ನಿಂದ ಇಳಿಸಿಕೊಂಡು, 3 ಗಂಟೆಗಳಲ್ಲಿ ಕಕ್ಕಿ ಬರುತ್ತೇವೆ. ಓದಬೇಕಾದ ಪುಟಗಳು ಅಷ್ಟಿರುವಾಗ ಬೇರೆ ದಾರಿ ಕಾಣುವುದಿಲ್ಲ. ಮೂಟ್ ಕೋರ್ಟ್ ಎಂಬ ಅಣಕು ವಿಚಾರಣೆ, ಇಂಟರ್ನ್‌ಷಿಪ್, ರ‍್ಯಾಂಕಿನ ಪೈಪೋಟಿಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅವು ದಣಿಸುತ್ತವೆ, ನಿದ್ದೆ ಮಾಡಿದರೆ ಆ ದಣಿವು ಹೋಗುತ್ತದೆ.

ನಿದ್ದೆಯಿಂದ ಹೋಗದ್ದು ಇನ್ನೊಂದಿದೆ. 1884ರ ಡಡ್ಲಿ ಮತ್ತು ಸ್ಟೀಫನ್ಸ್ ಪ್ರಕರಣವನ್ನು ತರಗತಿಯಲ್ಲಿ ಚರ್ಚಿಸಿದ ದಿನ ನಾನು ಆರೋಪಿಗಳ ಪರ ವಾದಿಸಬೇಕಿತ್ತು. ಹಡಗು ಮುಳುಗಿ, ಸಣ್ಣ ದೋಣಿಯಲ್ಲಿ ಹಸಿವಿನಿಂದ ಸಾಯುವ ಸ್ಥಿತಿಯಲ್ಲಿದ್ದವರು 17 ವರ್ಷದ ರಿಚರ್ಡ್ ಪಾರ್ಕರ್‌ನನ್ನು ಕೊಂದು ತಿಂದಿದ್ದರು. ಆವಶ್ಯಕತೆಯು ಕೊಲೆಗೆ ಸಮರ್ಥನೆಯಾಗದು ಎಂದಿತು ನ್ಯಾಯಾಲಯ. ವಿಧಿಸಿದ್ದ ಮರಣದಂಡನೆ ಬಳಿಕ 6 ತಿಂಗಳ ಸೆರೆವಾಸಕ್ಕೆ ಇಳಿಯಿತು. ಹುಡುಗ ಹೇಗೂ ಸಾಯುವವನಿದ್ದ ಎಂದು ನಾನು ಸೊಗಸಾಗಿ ವಾದಿಸಿದೆ, ಮೆಚ್ಚುಗೆಯೂ ಬಂತು. ಆ ರಾತ್ರಿ ನನಗೆ ಏನೂ ಅನ್ನಿಸಲಿಲ್ಲ. ಈಗ ರಜೆಯಲ್ಲಿ ನೆನಪಾದಾಗ, ಏನೂ ಅನ್ನಿಸದಿದ್ದುದೇ ಚುಚ್ಚುತ್ತಿದೆ.

ಮನೆಯಲ್ಲೂ ಇದೇ ಆಗಿದೆ. ಮೊನ್ನೆ ತಂಗಿ ತನ್ನ ಗೆಳತಿ ಮಾತು ಬಿಟ್ಟಿದ್ದಾಳೆಂದು ಅಳುತ್ತಾ ಬಂದಳು. ನಾನು ಕೇಳಿದ್ದು, ಮೊದಲು ಜಗಳ ತೆಗೆದವರು ಯಾರು, ಅದಕ್ಕೆ ಸಾಕ್ಷಿ ಯಾರು ಎಂದು. 'ಅಕ್ಕಾ, ನಾನು ನಿನ್ನ ಹತ್ತಿರ ಕೇಸು ಹಾಕೋಕೆ ಬಂದಿಲ್ಲ' ಎಂದು ಎದ್ದು ಹೋದಳು. ಆ ಪಾಟೀಸವಾಲಿಗಾಗಿ ನಾನು ಇನ್ನೂ ಕ್ಷಮೆ ಕೇಳಿಲ್ಲ.

ಮುಂದಿನ ಸೆಮಿಸ್ಟರಿಗೆ ಇನ್ನು 9 ದಿನಗಳಿವೆ. ಪ್ರತಿ ಕೇಸ್ ಬ್ರೀಫಿನ (ತೀರ್ಪಿನ ಸಾರಾಂಶದ ಟಿಪ್ಪಣಿಯ) ಕೊನೆಯಲ್ಲಿ, ಯಾರೂ ಅಂಕ ಕೊಡದ ಒಂದು ಸಾಲನ್ನು ಸೇರಿಸಲು ಶುರು ಮಾಡಿದ್ದೇನೆ: 'ಆಮೇಲೆ ಏನಾಯಿತು?' ಇಂದು ಬೆಳಿಗ್ಗೆ, ಹೊಸದರ ಮಾದರಿಗೆಂದು ಕಳಿಸಿದ ಗಿರಣಿಯ ಮುರಿದ ಕ್ರ್ಯಾಂಕ್ ಶಾಫ್ಟ್ (ಯಂತ್ರ ತಿರುಗಿಸುವ ದಂಡ) ತಡವಾಗಿ ತಲುಪಿದ 1854ರ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ಪ್ರಕರಣವನ್ನು ತೆಗೆದುಕೊಂಡೆ. ಹೊಸ ವಿಚಾರಣೆಗೆ ಆದೇಶವಾಯಿತು ಎಂಬಲ್ಲಿಗೆ ನನ್ನ ಪುಸ್ತಕ ಅದನ್ನು ನಿಲ್ಲಿಸಿಬಿಟ್ಟಿದೆ. ಆ ಸಾಲು ಸದ್ಯಕ್ಕೆ ಖಾಲಿ ಇದೆ.