ಮೂರು ಗಾಲಿ ಗಾಡಿ ತಗೊಳ್ಳೂ ಮುಂಚೆ ಹಿಂದಿನ ಗಾಲಿ ನೋಡ್ರಿ

ಆಕ್ಟಿವಾ ಚೊಲೋನೋ, ಜುಪಿಟರ್ ಚೊಲೋನೋ, ಆಕ್ಸೆಸ್ ಚೊಲೋನೋ? ಕಾಲಿನ ತ್ರಾಸ ಇದ್ದವ್ರು ಸ್ಕೂಟರಿಗೆ ಹಿಂದ ಗಾಲಿ ಕೂಡ್ಸಿ ಮೂರು ಗಾಲಿ ಗಾಡಿ ಮಾಡ್ಸಾಕ ಹೊಂಟೀನಿ ಅಂದ ಕೂಡ್ಲೇ ಎಲ್ಲಾರೂ ಕೇಳೂದು ಇದೊಂದ ಪ್ರಶ್ನೆ. ನನ್ನ ಪ್ರಕಾರ ಇದು ಕಡೀಗೆ ಕೇಳೂ ಪ್ರಶ್ನೆ. ಮೂರೂ ಗಾಡಿ 110 ಇಲ್ಲಾ 125 ಸಿಸಿ, ಮೂರಕ್ಕೂ ಗೇರ್ ಇಲ್ಲ, ಮೂರಕ್ಕೂ ಹುಬ್ಬಳ್ಳಿ ಒಳಗ ಸ್ಪೇರ್ ಪಾರ್ಟ್ ಸಿಗ್ತಾವ. ನಮ್ಮಂಥವರಿಗೆ ಫರಕ್ ಬೀಳೂದು ಹಿಂದಿನ ಗಾಲಿ ಒಳಗ. ಯಾವ ಗಾಲಿ ಎಳೀತೈತಿ, ಯಾವ ಗಾಲಿಗೆ ಬ್ರೇಕ್ ಐತಿ, ಎಡಗಡೆ ಗಾಲಿಗೂ ಬಲಗಡೆ ಗಾಲಿಗೂ ನಡುವ ಎಷ್ಟ ಅಂತರ ಐತಿ, ಇಷ್ಟ ಮೊದ್ಲ ಕೇಳ್ಬೇಕು.

ನಂದು ಬಲಗಾಲು, ಸಣ್ಣಾಕಿ ಇದ್ದಾಗ ಪೋಲಿಯೋ ಆಗಿದ್ದು. ಕಾಲಿಗೆ ಆಸರ ಕೊಡೂ ಕ್ಯಾಲಿಪರ್ ಹಾಕ್ಕೊಂಡು ಒಂದು ಬಡಿಗಿ ಹಿಡ್ಕೊಂಡು ಅಡ್ಡಾಡ್ತೀನಿ. ಮನಿ ನವನಗರದಾಗ, ಕೆಲಸ ಧಾರವಾಡದಾಗ. ಇಷ್ಟ ದಿನ ತಮ್ಮ ಬಿಟ್ಟು ಬರ್ತಿದ್ದ ಇಲ್ಲಾ ಹುಬ್ಬಳ್ಳಿ-ಧಾರವಾಡ ನಡುವ ಓಡೂ ಚಿಗರಿ ಬಸ್ ಹತ್ತತಿದ್ದೆ, ಈಗ ನಂದಂತ ಒಂದು ಗಾಡಿ ಬೇಕು ಅಂತ ಗಟ್ಟಿ ಮನಸ್ಸು ಮಾಡೀನಿ. ಅದಕ್ಕ ಗ್ಯಾರೇಜ್ ಸುತ್ತಿ, ಬ್ಯಾರೆಯವರ ಗಾಡಿ ಕೆಳಗ ಬಗ್ಗಿ ಬಗ್ಗಿ ನೋಡಿ, ಓಡ್ಸೋವ್ರನ್ನ ನಿಲ್ಲಿಸಿ ಕೇಳಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತೀನಿ, ಯಾರಿಗರ ಉಪಯೋಗ ಆಗ್ಲಿ.

ನಮ್ಮ ಕಡೆ ಹೆಚ್ಚಿಗೆ ಕಾಣೂದು ಸೈಡ್ ವೀಲ್ ಕಿಟ್. ಸ್ಕೂಟರ್ ಇದ್ದಂಗ ಇರ್ತೈತಿ, ಹಿಂದಿನ ಗಾಲಿ ಆ ಕಡೆ ಒಂದು ಈ ಕಡೆ ಒಂದು ಗಾಲಿ ಕಬ್ಬಿಣದ ಫ್ರೇಮಿಗೆ ಕೂಡಿಸಿ ಬೋಲ್ಟ್ ಹಾಕಿರ್ತಾರ. ಬಾಯಿ ಮಾತಿಗೆ ಮೂರು ಗಾಲಿ ಅಂದ್ರೂ ಎಣಿಸಿದ್ರ ನೆಲಕ್ಕ ನಾಲ್ಕು ಗಾಲಿ ಹತ್ತಿರ್ತಾವ, ಮುಂದ ಒಂದು ಹಿಂದ ಮೂರು. ಎಳಿಯೂದು ನಡುವಿನ ಗಾಲಿ ಒಂದ, ಹಿಂದ ಬ್ರೇಕ್ ಹಿಡಿಯೂದೂ ಅದೊಂದ. ಸೈಡಿನ ಎರಡಕ್ಕೆ ಬಹಳ ಕಿಟ್ಟಿನಾಗ ಎಂಜಿನ್ನೂ ಇಲ್ಲ ಬ್ರೇಕೂ ಇಲ್ಲ, ಸುಮ್ನ ಉರುಳ್ತಾವ. 2019ರಿಂದ ಬರೂ ಇಂಥ ಸಣ್ಣ ಗಾಡಿಗೆಲ್ಲಾ ಕಾಂಬಿ ಬ್ರೇಕ್ ಇರ್ತೈತಿ, ಎಡಗೈ ಲಿವರ್ ಹಿಡಿದ್ರ ಮುಂದೂ ಹಿಂದೂ ಕೂಡೇ ಹಿಡೀತೈತಿ, ಛಲೋನ. ಆದ್ರ ಆ ಹಿಂದಿನ ಗಾಲಿ ನೆಲಕ್ಕ ಒತ್ತಿ ಕುಂತಿರ್ಬೇಕಲ್ಲ?

ಒಂದು ಗ್ಯಾರೇಜಿನ ಮುಂದ ನೋಡಿದ್ದು ಹೇಳ್ತೀನಿ. ಅಂಗಳಕ್ಕೂ ರಸ್ತೆಗೂ ನಡುವ ಒಂದು ಗಟಾರದ ತಗ್ಗು. ಗಾಡಿ ಅದನ್ನ ದಾಟು ಮುಂದ ಸೈಡ್ ಗಾಲಿ ಎರಡೂ ಅಂಚಿನ ಮ್ಯಾಲ ಕುಂತ್ವು, ನಡುವಿನ ಗಾಲಿ ತಗ್ಗಿನ ಮ್ಯಾಲ ತೇಲಿತು. ಆಕ್ಸಲರೇಟರ್ ಕೊಟ್ರ ಗಾಲಿ ಗರಗರ ತಿರುಗ್ತೈತಿ, ಎಂಜಿನ್ ಒದರ್ತೈತಿ, ಗಾಡಿ ಇದ್ದಲ್ಲೇ ಐತಿ. ಓಡ್ಸೋವ್ರಿಗೆ ಕಾಲು ಕೆಳಗ ಊರಿ ದಬ್ಬಾಕ ಬರೂದಿಲ್ಲ, ಅದಕ್ಕಂತನ ಆ ಗಾಡಿ ತಗೊಂಡಿರ್ತಾರ. ಇಬ್ಬರು ಹುಡುಗ್ರು ಬಂದು ದಬ್ಬಿದ್ರು. ಗ್ಯಾರೇಜಿನ ಮುಂದ ಹುಡುಗ್ರು ಇರ್ತಾರ ಖರೇ, ರಾತ್ರಿ ರಾಯಾಪುರದ ಹತ್ರ ಯಾರ್ ಬರ್ತಾರ? ಎಳಿಯೂದು ಆ ಮಾತಾತು, ಬ್ರೇಕೂ ಹಂಗ. ತೇಲಿದ ಗಾಲಿಗೆ ಬ್ರೇಕ್ ಹಿಡಿದ್ರ ಏನ್ ಉಪಯೋಗ ಐತಿ.

ಅದಕ್ಕ ಕಿಟ್ ತಗೊಳ್ಳೋವ್ರು ಮೊದ್ಲ ನೋಡ್ಬೇಕಾದ್ದು ಸೈಡ್ ಗಾಲಿಗೆ ಸ್ಪ್ರಿಂಗ್ ಐತೋ ಇಲ್ಲೋ, ಮತ್ತ ಆ ಸ್ಪ್ರಿಂಗ್ ಖರೇನ ಕೆಲಸ ಮಾಡ್ತೈತೋ ಇಲ್ಲಾ ತೋರ್ಸಾಕ ಹಾಕ್ಯಾರೋ ಅಂತ. ಗಾಡಿ ಮ್ಯಾಲ ನೀವು ಕೂಡ್ರಿ, ಎರಡೂ ಸೈಡ್ ಗಾಲಿ ಕೆಳಗ ಒಂದೊಂದು ದಪ್ಪ ಹಲಗಿ ಇಡಸ್ರಿ, ನಡುವಿನ ಗಾಲಿ ಇನ್ನೂ ನೆಲಕ್ಕ ಗಟ್ಟಿ ಹತ್ತೈತೋ ಇಲ್ಲೋ ಯಾರಿಗರ ಕೈಯಿಂದ ತಿರುಗಿಸಿ ನೋಡಾಕ ಹೇಳ್ರಿ, ಎಂಜಿನ್ ಬಂದ್ ಇರ್ಲಿ. ಸಲೀಸಾಗಿ ತಿರುಗಿದ್ರ ಆ ಕಿಟ್ ಬ್ಯಾಡ. ಇದಕ್ಕ ರೊಕ್ಕ ಹತ್ತೂದಿಲ್ಲ, ಹತ್ತು ನಿಮಿಷದ ಕೆಲಸ, ಮಾಡ್ಸಾಕ ಸಂಕೋಚ ಮಾಡ್ಕೋಬ್ಯಾಡ್ರಿ.

ಎರಡನೇ ನಮೂನಿ, ನಡುವಿನ ಗಾಲಿ ತಗದು ಅಡ್ಡ ಒಂದು ಆಕ್ಸಲ್ ಹಾಕಿ ಎರಡ ಗಾಲಿ ಕೂಡ್ಸೂದು. ಇದು ಖರೇ ಮೂರು ಗಾಲಿ. ಇದ್ರಾಗ ಕೇಳ್ಬೇಕಾದ್ದು ಡಿಫರೆನ್ಷಿಯಲ್ ಐತೇನು ಅಂತ, ಅಂದ್ರ ಎರಡೂ ಗಾಲಿ ಬ್ಯಾರೆ ಬ್ಯಾರೆ ಸ್ಪೀಡಿನಾಗ ತಿರುಗಾಕ ಬಿಡೂ ಗೇರಿನ ಡಬ್ಬಿ. ತಿರುವಿನಾಗ ಹೊರಗಿನ ಗಾಲಿ ಹೆಚ್ಚು ದೂರ ಹೋಗ್ಬೇಕು ಒಳಗಿಂದು ಕಡಿಮಿ, ಎರಡೂ ಒಂದ ಗಟ್ಟಿ ರಾಡಿಗೆ ಬಿಗದಿದ್ರ ಗಾಡಿ ತಿರುಗಾಕ ಒಲ್ಲೆ ಅಂತೈತಿ, ಹ್ಯಾಂಡಲ್ ತಿರುಗಿಸಿದ್ರೂ ಸೀದಾ ದಬ್ಬತೈತಿ, ಟಾಯರ್ ಬ್ಯಾರೆ ಸವಿತಾವ. ಒಂದ ಗಾಲಿಗೆ ಎಂಜಿನ್ ಕೊಟ್ಟು ಇನ್ನೊಂದು ಖಾಲಿ ಬಿಟ್ಟಿದ್ರ ಆಕ್ಸಲರೇಟರ್ ಕೊಟ್ಟಾಗೊಮ್ಮೆ ಗಾಡಿ ಒಂದ ಬಾಜೂಕ ಎಳೀತೈತಿ. ಡಿಫರೆನ್ಷಿಯಲ್ ಹೆಂಗಿರ್ತೈತಿ ಅಂತ ಗೊತ್ತಿಲ್ಲದವ್ರು ನಮ್ಮ ಟಂಟಂ ಕೆಳಗ ಬಗ್ಗಿ ನೋಡ್ರಿ, ಎರಡೂ ಹಿಂದಿನ ಗಾಲಿಗೆ ಆ ಡಬ್ಬಿಯಿಂದನ ಎಳೆತ ಹೋಗ್ತೈತಿ. ಮತ್ತ ಎರಡೂ ಹಿಂದಿನ ಗಾಲಿಗೆ ಬ್ರೇಕ್ ಇರ್ಲೇಬೇಕು. ಒಂದಕ್ಕ ಇದ್ರ ಗಾಬರಿ ಒಳಗ ಹಿಡಿದಾಗ ಗಾಡಿ ಅಡ್ಡಾಗ್ತೈತಿ.

ಇನ್ನ ತಿರುವು. ಇದ್ರ ಬಗ್ಗೆ ಯಾರೂ ಸರಿ ಹೇಳೂದಿಲ್ಲ, "ಮೂರು ಗಾಲಿ ಅಲ್ರಿ ಅಕ್ಕಾರ, ಬೀಳೂದ ಇಲ್ಲ" ಅಂತಾರ. ನಿಂತಾಗ ಬೀಳೂದಿಲ್ಲ, ಖರೇ. ಓಡೂ ಮುಂದ ಮಾತು ಬ್ಯಾರೆ. ಎರಡು ಗಾಲಿ ಗಾಡಿ ತಿರುವಿನಾಗ ಒಳಗ ವಾಲ್ತೈತಿ, ಅದಕ್ಕ ನಿಲ್ತೈತಿ. ಇದು ವಾಲೂದಿಲ್ಲ, ನಮ್ಮ ಮೈ ಹೊರಗ ಎಸಿತೈತಿ. ಮುಂದ ಒಂದು ಹಿಂದ ಎರಡು ಗಾಲಿ ಇದ್ದಾಗ ಗಾಡಿ ಮಗುಚೂದು ಮುಂದಿನ ಗಾಲಿಯಿಂದ ಹೊರಗಿನ ಹಿಂದಿನ ಗಾಲಿಗೆ ಎಳದ ಗೆರಿ ಮ್ಯಾಲ. ಅಂದ್ರ ಭಾರ ಎಷ್ಟ ಮುಂದ ಇರ್ತೈತೋ ಅಷ್ಟ ಆ ಗೆರಿಗೆ ಹತ್ರ, ಅಷ್ಟ ಧೋಕಾ. ನಾನ ಒಂದು ಲೆಕ್ಕ ಹಾಕಿದೆ. ಹಿಂದಿನ ಗಾಲಿ ನಡುವ 90 ಸೆಂಟಿಮೀಟರ್, ಗಾಡಿದು ನಂದು ಕೂಡಿ ಭಾರದ ಎತ್ತರ ನೆಲದಿಂದ 75 ಸೆಂಟಿಮೀಟರ್, ಮುಂದಿನ ಗಾಲಿಯಿಂದ ಹಿಂದಿನ ಗಾಲಿತನಕದ ದೂರದಾಗ ಭಾರ ನೂರಕ್ಕ 60 ಪಾಲು ಹಿಂದ ಅಂತ ಹಿಡ್ಕೊಂಡ್ರ, 10 ಮೀಟರ್ ರೇಡಿಯಸ್ ತಿರುವಿನಾಗ ಗಂಟೆಗೆ ಸುಮಾರು 21 ಕಿಲೋಮೀಟರಿಗೆ ಒಳಗಿನ ಗಾಲಿ ಏಳಾಕ ಶುರು ಮಾಡ್ತೈತಿ. ಓಣಿ ಒಳಗಿನ 5 ಮೀಟರ್ ತಿರುವಾದ್ರ 15ಕ್ಕ. ಅಳತಿ ಅಂದಾಜಿನವು, ಆದ್ರ ಸ್ಪೀಡ್ ಎಷ್ಟ ಕಡಿಮಿ ಐತಿ ನೋಡ್ರಿ. ಹಿಂದಿನ ಅಂತರ 110ಕ್ಕ ಒಯ್ದ್ರೂ 21 ಹೋಗಿ 23-24 ಆಗ್ತೈತಿ ಅಷ್ಟ. ಅಂದ್ರ ಅಗಲ ಮಾಡಿ ಗೆಲ್ಲಾಕ ಆಗೂದಿಲ್ಲ, ತಿರುವಿಗೆ ಮುಂಚೆನ ಸ್ಪೀಡ್ ಇಳಿಸ್ಬೇಕು, ತಿರುವಿನ ನಡುವ ಬ್ರೇಕ್ ಹಿಡಿದ್ರ ಭಾರ ಮುಂದ ಬಂದು ಇನ್ನೂ ಕೆಟ್ಟ. ಮುಂದ ಕಾಲಿಡೂ ಜಾಗದಾಗ ಗ್ಯಾಸ್ ಸಿಲಿಂಡರ್ ಇಟ್ಕೊಂಡು ಹೋಗೋವ್ರು ಇದನ್ನ ಎರಡ್ ಸಲ ಓದ್ರಿ.

ಇದಕ್ಕನ ವಿದೇಶದಾಗ ಭಾಳ ಕಂಪನಿಗೋಳು ಎರಡು ಗಾಲಿ ಮುಂದ ಇಟ್ಟಾವ. ಪಿಯಾಜಿಯೋ ಎಂಪಿ3 2006ರಾಗ ಬಂತು, ಕ್ಯಾನ್-ಆಮ್ ಸ್ಪೈಡರ್ 2007ರಾಗ, ಯಮಹಾ ನೈಕನ್ 2018ರಾಗ. ಬ್ರೇಕ್ ಹಿಡಿದಾಗ ಭಾರ ಅಗಲ ಇರೂ ಕಡೆನ ಬರ್ತೈತಿ. ಎಂಪಿ3 ವಾಲ್ತೈತಿ, ನಿಲ್ಲೂ ಹೊತ್ತಿಗೆ ಒಂದು ಲಾಕ್ ಹಾಕಿದ್ರ ಕಾಲು ಊರದ ಹಂಗ ನಿಲ್ತೈತಿ. ಸ್ಪೈಡರ್ ವಾಲೂದ ಇಲ್ಲ. ನೈಕನ್ ನೋಡಾಕ ಮೂರು ಗಾಲಿ, ಆದ್ರ ಆ ಲಾಕ್ ಇಲ್ಲ, ಸಿಗ್ನಲ್‌ನಾಗ ಕಾಲು ಊರ್ಲೇಬೇಕು, ನನ್ನಂಥಾಕಿಗೆ ಅದು ಎರಡು ಗಾಲಿ ಗಾಡಿ ಇದ್ದಂಗ. ಯೂಟ್ಯೂಬ್‌ನಾಗ ನೋಡಿ ಆಸೆ ಬೀಳೋ ತಮ್ಮಂದಿರಿಗೆ ಇದನ್ನ ಹೇಳಬೇಕಿತ್ತು. ಇವ್ಯಾವೂ ಹುಬ್ಬಳ್ಳಿ ಶೋರೂಮಿನಾಗ ಸಿಗೂದಿಲ್ಲ.

ನಮ್ಮ ರಸ್ತೆಗೆ ಬರೋಣ. ಎರಡು ಗಾಲಿಗೆ ತಗ್ಗು ತಪ್ಪಿಸೂದು ಸಸಾರ, ದಾರಿ ಒಂದ. ಮೂರು ಗಾಲಿಗೆ ಮೂರು ದಾರಿ, ಮುಂದಿಂದು ತಪ್ಪಿಸಿದ್ರ ಹಿಂದಿಂದು ಬೀಳ್ತೈತಿ. ಪಿ.ಬಿ. ರೋಡಿನಾಗ ನಡುವ ಚಿಗರಿ ಬಸ್ಸಿನ ಲೇನ್, ನಮಗ ಬಾಜೂಕಿಂದು, ಅಲ್ಲಿ ರಸ್ತೆ ಅಂಚಿನ ಕಡೆ ಇಳಿಜಾರ ಇದ್ದಲ್ಲಿ ಗಾಡಿ ಎಡಕ್ಕ ಎಳೀತನ ಇರ್ತೈತಿ, ಧಾರವಾಡ ಮುಟ್ಟೂದ್ರಾಗ ಬಲಗೈ ರಟ್ಟಿ ನೋವು ಬಂದಿರ್ತೈತಿ. ಧಾರವಾಡ ಊರಾಗಂತೂ ಏರು ಇಳುವು ಬಿಟ್ಟು ರಸ್ತೆನ ಇಲ್ಲ. ಕಿಟ್ಟಿನ ತೂಕ, ನಮ್ಮ ತೂಕ, ಹಿಂದ ಒಬ್ಬರು ಕುಂತ್ರ ಅವರ ತೂಕ, ಎಲ್ಲಾ ಸೇರಿ ಬೆಲ್ಟಿನ ಮ್ಯಾಲ ಬೀಳ್ತೈತಿ, ಅದಕ್ಕ ನಾನು 110 ಬಿಟ್ಟು 125 ಅಂತೀನಿ. ನವಲಗುಂದ, ಅಣ್ಣಿಗೇರಿ ಕಡೆಯವ್ರು ಎರಿ ಮಣ್ಣಿನ ಮಾತೂ ನೆನಪಿಡ್ರಿ, ಮಳಿಗಾಲದಾಗ ಸೈಡ್ ಗಾಲಿಗೂ ಮಡ್ಗಾರ್ಡಿಗೂ ನಡುವ ಸಂದು ಕಡಿಮಿ ಇದ್ರ ಮಣ್ಣು ಮೆತ್ತಿ ಗಾಲಿ ಜಾಮ್ ಆಗ್ತೈತಿ. ಹೆಣ್ಣಮಕ್ಳು ಮಡ್ಗಾರ್ಡ್ ಗಾಲಿನ ಪೂರ್ತಿ ಮುಚ್ಚೈತೋ ಇಲ್ಲೋ ನೋಡ್ರಿ. ವೇಲು, ಸೆರಗು ಸಿಗೂದು ಅಲ್ಲೇ.

ರಿವರ್ಸ್ ಮತ್ತ ನಿಲ್ಲಿಸೂದು. ಇವೆರಡೂ ನಂಗ ಮೈಲೇಜಿಗಿಂತ ದೊಡ್ಡು. ಸ್ಕೂಟರಿಗೆ ಹಿಂದ ಹೋಗೂ ಗೇರ್ ಇಲ್ಲ, ಕಾಲಿದ್ದವ್ರು ಕಾಲಿಲೆ ದಬ್ಬಿ ಹಿಂದ ತಗೋತಾರ, ನಾವೇನ್ ಮಾಡ್ಬೇಕು? ಪಾರ್ಕಿಂಗಿನಾಗ ಮುಂದ ಹಚ್ಚಿದ್ರ ಹೊರಗ ಬರಾಕ ವಾಚಮನ್ ಅಣ್ಣಾರನ್ನ ಕರೀಬೇಕು, ದಿನಾ ಕರೀಬೇಕು. ಸಣ್ಣ ಮೋಟಾರ್ ಹಾಕಿ ರಿವರ್ಸ್ ಮಾಡಿ ಕೊಡ್ತಾರ, ಖರ್ಚು ಆದ್ರೂ ಅದನ್ನ ಬಿಡಬ್ಯಾಡ್ರಿ. ಇನ್ನ, ಎಂಜಿನ್ ಬಂದ್ ಮಾಡಿದ್ರ ಸ್ಕೂಟರ್ ಗೇರಿನಾಗ ನಿಲ್ಲೂದಿಲ್ಲ, ಇಳಿಜಾರಿನಾಗ ಉರುಳ್ತೈತಿ, ಸ್ಟ್ಯಾಂಡ್ ಹಾಕಾಕ ಇದಕ್ಕ ಬರೂದಿಲ್ಲ. ನೀವು ಬಡಿಗಿ ತಗದು ಇಳಿಯೂ ಹೊತ್ತಿಗೇ ಗಾಡಿ ಸರದ್ರ ಗತಿ ಏನು? ಪಾರ್ಕಿಂಗ್ ಬ್ರೇಕ್ ಇಲ್ಲದ ಗಾಡಿಗೆ ರೊಕ್ಕ ಕೊಡಬ್ಯಾಡ್ರಿ. ಇದ್ರೂ ಏರಿನ ಮ್ಯಾಲ ನಿಲ್ಲಿಸಿ, ಹತ್ತಿ ಇಳದು ನೋಡ್ರಿ, ಬಡಿಗಿ ಇಡೂ ಕ್ಲಿಪ್ ಕೈಗೆ ಸಿಗ್ತೈತೋ ನೋಡ್ರಿ.

ಕರೆಂಟಿನ ಗಾಡಿ ಒಳಗ ರಿವರ್ಸ್ ಕೊಡೂದು ಸುಲಭ, ಹಿಂದಿನ ಎರಡೂ ಗಾಲಿಗೆ ಬ್ಯಾರೆ ಬ್ಯಾರೆ ಮೋಟಾರ್ ಕೂಡ್ಸಿದ್ರ ಡಿಫರೆನ್ಷಿಯಲ್ ಡಬ್ಬಿನೂ ಬೇಕಾಗೂದಿಲ್ಲ. ವೀಲ್‌ಚೇರ್ ಮ್ಯಾಲ ಇರೋವ್ರಿಗೆ ಐಐಟಿ ಮದ್ರಾಸಿನಾಗ ಹುಟ್ಟಿದ ನಿಯೋಬೋಲ್ಟ್ ಐತಿ, ಕುರ್ಚಿಗೆ ಮುಂದ ಜೋಡ್ಸಿದ್ರ ಮೂರು ಗಾಲಿ ಆಗ್ತೈತಿ, 25 ಕಿಲೋಮೀಟರ್ ಸ್ಪೀಡ್, ಒಂದು ಚಾರ್ಜಿಗೆ 30 ಕಿಲೋಮೀಟರ್ ತನಕ ಅಂತ ಹೇಳ್ತಾರ. ಊರೊಳಗ ಅಗದೀ ಚೊಲೋ ವಿಚಾರ, ಕುರ್ಚಿ ಬಿಟ್ಟು ಇಳಿಯೂ ತ್ರಾಸ ಇಲ್ಲ. ಹುಬ್ಬಳ್ಳಿ-ಧಾರವಾಡ ಹೋಗಿ ಬರಾಕ ಮಾತ್ರ ಸಾಲೂದಿಲ್ಲ.

ಕಾಗದ ಪತ್ರ. 2019ರ ತಿದ್ದುಪಡಿ ಆದ ಮ್ಯಾಲ ಮೋಟಾರು ವಾಹನ ಕಾನೂನಿನಾಗ ನಮ್ಮ ಗಾಡಿಗೆ ಅಡಾಪ್ಟೆಡ್ ವೆಹಿಕಲ್ ಅಂತ ಹೆಸರು. ಅದಕ್ಕ ಮುಂಚೆ ಇನ್‌ವ್ಯಾಲಿಡ್ ಕ್ಯಾರೇಜ್ ಅಂತಿದ್ರು, ಅದು ಹೋಗಿದ್ದು ಭಾಳ ಚೊಲೋ ಆತು. ಕಿಟ್ ಹಾಕ್ಸಿದ್ದು ಆರ್‌ಸಿ ಒಳಗ ಏರ್ಸ್ರಿ, ಇನ್ಶೂರೆನ್ಸಿನವ್ರಿಗೆ ತಿಳಿಸ್ರಿ, ಇಲ್ಲಂದ್ರ ಏನರ ಆದಾಗ ಕ್ಲೇಮಿಗೆ ತಕರಾರು ಬರ್ತೈತಿ. "ಇರ್ಲಿ ಬಿಡ್ರಿ, ಯಾರೂ ಕೇಳೂದಿಲ್ಲ" ಅನ್ನೋ ಫಿಟ್ಟರ್ ಕಡೆ ಕೆಲಸ ಕೊಡಬ್ಯಾಡ್ರಿ, ಅಂವ ವೆಲ್ಡಿಂಗನೂ ಹಂಗ ಮಾಡಿರ್ತಾನ. ಇನ್ನೊಂದು ಮಾತು ಮನಸ್ಸಿಗೆ ಹತ್ತಿದ್ದು. ಒಂದ್ ಕಡೆ ನಾನು ಆಕ್ಸಲ್ ಬಗ್ಗೆ ಕೇಳಿದ್ರ ಮಿಸ್ತ್ರಿ ಉತ್ತರ ಕೊಟ್ಟಿದ್ದು ನನ್ನ ತಮ್ಮಗ. ಗಾಡಿ ನಂದು, ರೊಕ್ಕ ನಂದು, ತಿರುವಿನಾಗ ಕೂಡೋ ಜೀವ ನಂದು, ಉತ್ತರ ನಂಗ ಬೇಕು. ಅಲ್ಲಿಂದ ಎದ್ದು ಬಂದ್ವಿ.

ಈಗ ನನ್ನ ಮನಸ್ಸು ಹಿಂಗೈತಿ: 125 ಸಿಸಿ ಸ್ಕೂಟರ್, ಎರಡು ಗಾಲಿ ಆಕ್ಸಲ್, ಡಿಫರೆನ್ಷಿಯಲ್, ಎರಡೂ ಕಡೆ ಬ್ರೇಕ್, ರಿವರ್ಸ್ ಮೋಟಾರ್. ಅಷ್ಟ ಬಜೆಟ್ ಇಲ್ಲದವ್ರು ಸೈಡ್ ವೀಲ್ ಕಿಟ್ ಹಾಕ್ಸ್ರಿ, ಖಂಡಿತ ಹಾಕ್ಸ್ರಿ, ಅದ್ರಿಂದ ಎಷ್ಟೋ ಮಂದಿ ದುಡಿಯಾಕ ಹೊಂಟಾರ, ಹಲಗಿ ಪರೀಕ್ಷೆ ಒಂದು ಮಾಡಿ ಹಾಕ್ಸ್ರಿ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಎರಡು ಮೋಟಾರಿನ ಕರೆಂಟ್ ಗಾಡಿ ಒಂದು ಮಳಿಗಾಲ ಪೂರ್ತಿ ಓಡ್ಸಿದವ್ರು ಯಾರರ ಇದ್ರ ಕೆಳಗ ಬರೀರಿ, ಮಳಿ ನೀರಾಗ ಮೋಟಾರ್ ಹೆಂಗಿತ್ತು, ಏರಿನಾಗ ಎಷ್ಟ ಎಳೀತು ಅಂತ. ಶೋರೂಮಿನವ್ರು ಹೇಳಿದ್ದು ಬ್ಯಾಡ, ನೀವು ಓಡ್ಸಿದ್ದು ಬೇಕು.