ಸಂಸಾರ ಸಮೇತ ನೋಡಬಹುದಾದ ಕೊಲೆಗಳು

'ಸಂಸಾರ ಸಮೇತ ನೋಡಿ ಆನಂದಿಸಿ' ಎಂಬ ಜಾಹೀರಾತಿಗೆ ಹಿಂದೆ ತೀರಾ ಸೀಮಿತವಾದ ಅರ್ಥವಿತ್ತು. ಅತ್ತೆ-ಸೊಸೆಯರ ಮುನಿಸು, ಅಣ್ಣ-ತಮ್ಮಂದಿರ ಆಸ್ತಿ ಪಾಲು, ಊರ ಗೌಡರ ಪಂಚಾಯಿತಿ, ಕಡೆಯಲ್ಲಿ ಎಲ್ಲರೂ ಸಾಲಾಗಿ ನಿಂತು ನಗುವಾಗ ತೆರೆಯ ಮೇಲೆ ಮೂಡುವ 'ಶುಭಂ', ಇಷ್ಟಿದ್ದರೆ ಅದು ಸಾಂಸಾರಿಕ ಚಿತ್ರ. ಈಗ ಆ ಮಾತಿನ ವ್ಯಾಪ್ತಿ ಬಹಳ ಹಿಗ್ಗಿದೆ. ಪೋಸ್ಟರಿನಲ್ಲಿ ನಾಯಕನು ರಕ್ತ ತೊಟ್ಟಿಕ್ಕುವ ಲಾಂಗು ಹಿಡಿದು ಬೆನ್ನು ತಿರುಗಿಸಿ ನಿಂತಿರುತ್ತಾನೆ, ಹಿನ್ನೆಲೆಯಲ್ಲಿ ಎರಡು ಜೀಪುಗಳು ಹೊತ್ತಿ ಉರಿಯುತ್ತಿರುತ್ತವೆ, ಕೆಳಗೆ ದಪ್ಪಕ್ಷರದಲ್ಲಿ 'ಪಕ್ಕಾ ಫ್ಯಾಮಿಲಿ ಎಂಟರ್‌ಟೈನರ್' ಎಂದು ಬರೆದಿರುತ್ತದೆ. ಇದನ್ನು ಕಂಡು ಮೂಗು ಮುರಿಯುವವರಿಗೆ ನಮ್ಮ ಕುಟುಂಬ ವ್ಯವಸ್ಥೆಯ ಜೀರ್ಣಶಕ್ತಿಯ ಪರಿಚಯವಿಲ್ಲವೆಂದೇ ಹೇಳಬೇಕು.

ಟ್ರೇಲರ್ ಬಿಡುಗಡೆಯ ಸಮಾರಂಭದಲ್ಲಿ ಯಾರಾದರೂ ಹೊಸ ಪತ್ರಕರ್ತರು ಧೈರ್ಯ ಮಾಡಿ, 'ಸಾರ್, ಇಷ್ಟೊಂದು ಮಚ್ಚು-ಲಾಂಗು ಇದೆಯಲ್ಲ, ಹೆಂಗಸರು ಮಕ್ಕಳು ನೋಡಬಹುದೇ?' ಎಂದು ಕೇಳಿದರೆ ನಿರ್ಮಾಪಕರ ಮುಖದಲ್ಲಿ ಕಿಂಚಿತ್ತೂ ಗಲಿಬಿಲಿ ಕಾಣುವುದಿಲ್ಲ. 'ನಮ್ಮ ಚಿತ್ರದಲ್ಲಿ ಮದರ್ ಸೆಂಟಿಮೆಂಟ್ ಇದೆ' ಎಂದು ಅವರು ಶಾಂತವಾಗಿ ಉತ್ತರಿಸುತ್ತಾರೆ. ಈ ಉತ್ತರದ ಹಿಂದೆ ಒಂದು ಗಟ್ಟಿಯಾದ ಲೆಕ್ಕಾಚಾರವಿದೆ. ತಾಯಿಯು ಮೊದಲ ಅರ್ಧ ಗಂಟೆಯಲ್ಲಿ ಒಮ್ಮೆ ಕಣ್ಣೀರಿಟ್ಟರೆ ನಾಯಕನಿಗೆ ಹತ್ತು-ಹನ್ನೆರಡು ತಲೆಗಳ ಮೇಲೆ ಹಕ್ಕು ಬರುತ್ತದೆ. ತಂಗಿಯ ದುಪಟ್ಟಾಕ್ಕೆ ಯಾರಾದರೂ ಕೈ ಹಾಕಿದರೆ ಒಂದಿಡೀ ಗೋದಾಮಿನ ಜನವನ್ನು ಮುಗಿಸಬಹುದು. ತಾಯಿಯೇ ತೀರಿಕೊಂಡರಂತೂ ಮಧ್ಯಂತರದಿಂದ ಕ್ಲೈಮ್ಯಾಕ್ಸ್‌ವರೆಗೆ ಎಷ್ಟು ಹೆಣ ಬಿದ್ದರೂ ಯಾರೂ ಎಣಿಸುವಂತಿಲ್ಲ. ಕೊಲೆಯು ಕೌಟುಂಬಿಕ ಕಾರಣಕ್ಕಾಗಿ ನಡೆದಿರುವುದರಿಂದ ಅದು ಕೌಟುಂಬಿಕ ಕೊಲೆ, ಆದ್ದರಿಂದ ಇದು ಕೌಟುಂಬಿಕ ಚಿತ್ರ. ಈ ತರ್ಕದಲ್ಲಿ ಲೋಪ ಹುಡುಕುವವರು ತಮ್ಮ ತಾಯಿಯನ್ನು ಪ್ರೀತಿಸದವರು.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡಬೇಕಲ್ಲವೆ? 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಕೇಂದ್ರ ಸರ್ಕಾರವು 1991ರ ಡಿಸೆಂಬರ್ 6ರಂದು ಹೊರಡಿಸಿದ ಮಾರ್ಗಸೂಚಿಗಳಲ್ಲಿ, ಅನಗತ್ಯವಾದ ಹಿಂಸೆ, ಕ್ರೌರ್ಯಗಳ ದೃಶ್ಯಗಳನ್ನೂ, ಪ್ರಧಾನವಾಗಿ ಮನರಂಜನೆಗೆಂದೇ ಇರಿಸಿದ ಹಿಂಸೆಯ ದೃಶ್ಯಗಳನ್ನೂ, ಜನರ ಸಂವೇದನೆಯನ್ನು ಮರಗಟ್ಟಿಸುವಂಥ ದೃಶ್ಯಗಳನ್ನೂ ತೋರಿಸಬಾರದೆಂಬ ಅರ್ಥದ ಸೂಚನೆಯಿದೆ. ಮನರಂಜನೆಗಾಗಿ ಹಿಂಸೆ ಕೂಡದು ಎಂಬ ಈ ಮಾತನ್ನು ಗಾಂಧಿನಗರದ ಗೋಡೆಗಳ ಪಕ್ಕದಲ್ಲಿಟ್ಟು ಓದಿದರೆ ಅದರ ಸೊಗಸು ತಿಳಿಯುತ್ತದೆ, ಏಕೆಂದರೆ ಅಲ್ಲಿ ಅಂಟಿಸಿರುವ ಪ್ರತಿ ಎರಡನೆಯ ಪೋಸ್ಟರಿನಲ್ಲಿ 'ಮಾಸ್ ಎಂಟರ್‌ಟೈನರ್' ಎಂಬ ಘೋಷಣೆಯೇ ಇರುತ್ತದೆ. ಹಾಗಾಗಿ ಚಿತ್ರತಂಡವು ಎರಡು ನಾಲಗೆಗಳನ್ನು ಸಾಕಬೇಕಾಗುತ್ತದೆ. ಚಿತ್ರಗಳಿಗೆ ಪ್ರಮಾಣಪತ್ರ ಕೊಡುವ ಸೆನ್ಸಾರ್ ಮಂಡಳಿಯ ಮುಂದೆ, 'ಇಲ್ಲಿ ಹಿಂಸೆಯನ್ನು ಸಮಾಜಕ್ಕೊಂದು ಸಂದೇಶ ನೀಡುವ ಸಲುವಾಗಿ ಬಳಸಲಾಗಿದೆ' ಎಂದು ತಲೆ ತಗ್ಗಿಸಿ ಹೇಳುವುದು. ಹೊರಗೆ ಬಂದ ಕೂಡಲೇ ಮೈಕಿನ ಮುಂದೆ, 'ಫೈಟ್ಸ್ ಬೆಂಕಿ, ಅಭಿಮಾನಿಗಳಿಗೆ ಹಬ್ಬದೂಟ' ಎಂದು ತಲೆ ಎತ್ತಿ ಹೇಳುವುದು. ಸಂದೇಶ ಯಾವುದೆಂದು ಕೇಳಿದರೆ ಕೊನೆಯ ಎರಡು ನಿಮಿಷಗಳಲ್ಲಿ ಮೈಯೆಲ್ಲ ರಕ್ತವಾಗಿರುವ ನಾಯಕನು ಕ್ಯಾಮೆರಾ ನೋಡುತ್ತಾ ಯುವಜನತೆಗೆ ನೀಡುವ ಉಪದೇಶವನ್ನು ತೋರಿಸಲಾಗುತ್ತದೆ. ಹಿಂಸೆ ತಪ್ಪು ಎಂದು ಅವನು ಹೇಳುತ್ತಾನೆ. ಅದನ್ನು ಕೇಳಿಸಿಕೊಳ್ಳಲು ಎದುರಿಗೆ ಜೀವಂತವಾಗಿ ಯಾರೂ ಉಳಿದಿರುವುದಿಲ್ಲ ಎಂಬುದು ಬೇರೆ ಮಾತು.

ಮಂಡಳಿಯ ಹೆಸರಿನಲ್ಲಿದ್ದ 'ಸೆನ್ಸಾರ್' ಎಂಬ ಪದ 1983ರಲ್ಲೇ ಹೋಗಿ 'ಪ್ರಮಾಣೀಕರಣ' ಬಂದಿದ್ದರೂ ನಾವು ಇಂದಿಗೂ ಸೆನ್ಸಾರ್ ಎನ್ನುವುದನ್ನು ಬಿಟ್ಟಿಲ್ಲ. ಆ ಮಂಡಳಿಯು ಬಹಳ ಕಾಲ ಯು (ಎಲ್ಲರಿಗೂ), ಯು/ಎ (ಮಕ್ಕಳಿಗೆ ಪಾಲಕರ ಮಾರ್ಗದರ್ಶನದಲ್ಲಿ), ಎ (ವಯಸ್ಕರಿಗೆ ಮಾತ್ರ) ಎಂಬ ಮೂರು ಮೊಹರುಗಳಲ್ಲೇ ಸಂಸಾರ ತೂಗಿಸುತ್ತಿತ್ತು. ವೈದ್ಯರಂಥ ವಿಶೇಷ ವರ್ಗದವರಿಗೆಂದು ಎಸ್ ಎಂಬ ಮೊಹರೂ ಇದೆ, ಆದರೆ ನಮ್ಮ ನಾಯಕರು ಇಷ್ಟು ಎಲುಬು ಮುರಿದರೂ ಮೂಳೆ ತಜ್ಞರಿಗೆಂದು ಯಾರೂ ಅದನ್ನು ಕೇಳಿದಂತಿಲ್ಲ. 2023ರ ತಿದ್ದುಪಡಿ ಕಾಯ್ದೆ ಮತ್ತು 2024ರ ನಿಯಮಗಳ ಬಳಿಕ ಯು/ಎ ವರ್ಗವನ್ನು 7+, 13+, 16+ ಎಂದು ಮೂರು ಹೋಳು ಮಾಡಲಾಗಿದೆ. ಇದು ನಿಜಕ್ಕೂ ಸೂಕ್ಷ್ಮವಾದ ಕೆಲಸ. ಏಳು ತುಂಬಿದ ಮಗು ಕಪಾಳಕ್ಕೆ ಬಿಗಿಯುವುದನ್ನು ತಾಳಿಕೊಳ್ಳಬಲ್ಲದು, ಹದಿಮೂರರಲ್ಲಿ ಮೂಳೆ ಮುರಿಯುವ ಲಟಲಟ ಸದ್ದು ಹಿತವಾಗತೊಡಗುತ್ತದೆ, ಹದಿನಾರಕ್ಕೆ ಕತ್ತು ಸೀಳುವುದನ್ನು ನಿಧಾನಗತಿಯಲ್ಲಿ ಸವಿಯುವ ಪಕ್ವತೆ ಬರುತ್ತದೆ ಎಂದು ನಾವು ತಿಳಿದುಕೊಳ್ಳಬೇಕೇನೋ. ಇನ್ನೂ ಸೊಗಸಾದ ಸಂಗತಿಯೆಂದರೆ, ಈ ವಯಸ್ಸಿನ ಸೂಚನೆಯು ಪಾಲಕರ ಪರಿಶೀಲನೆಗಾಗಿ ಮಾತ್ರ ಇರತಕ್ಕದ್ದು, ಅದನ್ನು ಬೇರೆ ಯಾರೂ ಜಾರಿ ಮಾಡುವಂತಿಲ್ಲ ಎಂದು ಕಾಯ್ದೆಯೇ ಹೇಳಿಬಿಟ್ಟಿದೆ. ಅಂದರೆ ಏಳರ ಹುಡುಗನು 16+ ಚಿತ್ರಕ್ಕೆ ಬಂದರೆ ಅವನನ್ನು ತಡೆಯುವ ಏಕೈಕ ಅಧಿಕಾರಿ ಅವನ ಅಪ್ಪ. ಆ ಅಧಿಕಾರಿಯು ಮೊದಲ ದಿನದ ಮೊದಲ ಪ್ರದರ್ಶನಕ್ಕೆ ರಜೆ ಹಾಕಿ, ನಾಯಕನ ಎಂಟ್ರಿಗೆ ಶಿಳ್ಳೆ ಹೊಡೆಯಲು ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿರುತ್ತಾನೆ.

ಆದರೆ ನಮ್ಮ ಸಮಾಜಕ್ಕೆ ಲಕ್ಷ್ಮಣರೇಖೆಯೇ ಇಲ್ಲವೆಂದು ಯಾರೂ ಭಾವಿಸಬಾರದು. ಇದೆ, ಮತ್ತು ಅದು ತುಟಿಗಳ ಸುತ್ತ ಎಳೆಯಲ್ಪಟ್ಟಿದೆ. 2015ರಲ್ಲಿ ಜೇಮ್ಸ್ ಬಾಂಡ್‌ನ 'ಸ್ಪೆಕ್ಟರ್' ಚಿತ್ರ ಭಾರತಕ್ಕೆ ಬಂದಾಗ ಅದರ ಚುಂಬನ ದೃಶ್ಯಗಳ ಉದ್ದವನ್ನು ಕತ್ತರಿಸಿ ಮೊಟಕುಗೊಳಿಸಲಾಯಿತು. ಕೊಲ್ಲುವ ಪರವಾನಗಿಯನ್ನು ಆ ಮನುಷ್ಯನಿಗೆ ಬ್ರಿಟನ್ನಿನ ಸರ್ಕಾರ ಕೊಟ್ಟಿತ್ತು, ಅದನ್ನು ನಾವು ಗೌರವಿಸಿದೆವು. ಮುತ್ತಿನ ಪರವಾನಗಿ ಮಾತ್ರ ನಮ್ಮ ವ್ಯಾಪ್ತಿಗೆ ಬರುವಂಥದ್ದು. 2025ರಲ್ಲಿ 'ಸೂಪರ್‌ಮ್ಯಾನ್' ಬಂದಾಗ 33 ಸೆಕೆಂಡುಗಳ ಚುಂಬನಕ್ಕೆ ಕತ್ತರಿ ಬಿತ್ತು. ಅದೇ ಚಿತ್ರದಲ್ಲಿ ಒಂದು ಮಹಾನಗರವೇ ನಡುವೆ ಬಿರುಕು ಬಿಟ್ಟು ಸೀಳಿಹೋಗುತ್ತದೆ, ಗಗನಚುಂಬಿ ಕಟ್ಟಡಗಳು ಉರುಳುತ್ತವೆ. ಕಟ್ಟಡವು ಗಗನವನ್ನು ಚುಂಬಿಸಿದರೆ ಆಕ್ಷೇಪವಿಲ್ಲ.

ಈ ಮೌಲ್ಯಮಾಪನವು ಮಂಡಳಿಯದ್ದೊಂದೇ ಅಲ್ಲ, ಅದು ನಮ್ಮ ಮನೆಗಳಿಂದಲೇ ಅಲ್ಲಿಗೆ ಹೋಗಿದೆ ಎಂಬುದನ್ನು ಅರಿಯಲು ಯಾವುದೇ ಮಲ್ಟಿಪ್ಲೆಕ್ಸಿನಲ್ಲಿ ಭಾನುವಾರದ ಮ್ಯಾಟಿನಿಗೆ ಬಂದ ಒಂದು ಸಂಸಾರದ ಹಿಂದಿನ ಸಾಲಿನಲ್ಲಿ ಕೂತರೆ ಸಾಕು. ಅಜ್ಜಿ, ಅಪ್ಪ, ಅಮ್ಮ, ಸುಮಾರು ಆರು ವರ್ಷದ ಮಗ. ಖಳನಾಯಕನು ಸಾಕ್ಷಿ ಹೇಳಿದವನ ಬೆರಳುಗಳನ್ನು ಒಂದೊಂದಾಗಿ ಕತ್ತರಿಸುವಾಗ ಪಾಪ್‌ಕಾರ್ನ್ ಬಕೆಟ್ಟು ಈ ಕೈಯಿಂದ ಆ ಕೈಗೆ ಸಾಗುತ್ತಿರುತ್ತದೆ. ನಾಯಕನು ಕಬ್ಬಿಣದ ಸರಳನ್ನು ಒಬ್ಬನ ಹೊಟ್ಟೆಯ ಮೂಲಕ ಹಾಯಿಸಿದಾಗ ಹುಡುಗನು, 'ಅಪ್ಪಾ, ಅದೇನು ಆಚೆ ಬಂತು?' ಎಂದು ಕೇಳುತ್ತಾನೆ. 'ಅದೆಲ್ಲ ಗ್ರಾಫಿಕ್ಸ್ ಕಣೋ ಪುಟ್ಟ' ಎಂದು ಅಪ್ಪ ಸಮಾಧಾನ ಹೇಳುತ್ತಾನೆ. ಅಜ್ಜಿಗೆ ಇರುವ ಅನುಮಾನ ಒಂದೇ, 'ಆ ಮುಂಡೇಗಂಡ ಪೂರ್ತಿ ಸತ್ನೋ ಇಲ್ವೋ?' ಅಷ್ಟರಲ್ಲಿ ಹಾಡು ಬರುತ್ತದೆ. ನಾಯಕ ನಾಯಕಿಯರ ಮುಖಗಳು ಗೇಣಿನಷ್ಟು ಹತ್ತಿರವಾದ ಕೂಡಲೇ ಇಡೀ ಸಾಲಿನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗುತ್ತದೆ. ಅಮ್ಮನ ಸೆರಗು ಹುಡುಗನ ಕಣ್ಣಿನ ಮೇಲೆ ಬರುತ್ತದೆ, ಅಪ್ಪನಿಗೆ ಫೋನಿನಲ್ಲಿ ಬಹುಮುಖ್ಯವಾದ ಸಂದೇಶವೊಂದು ನೆನಪಾಗುತ್ತದೆ, ಅಜ್ಜಿ 'ಥೂ' ಎಂದು ಮುಖ ತಿರುಗಿಸಿ ಪಕ್ಕದ ಗೋಡೆಯ ನಿರ್ಗಮನ ದೀಪವನ್ನು ಭಕ್ತಿಯಿಂದ ನೋಡುತ್ತಾರೆ. ಅದು ಕೂಡ ಗ್ರಾಫಿಕ್ಸ್ ಎಂದು ಹೇಳಲು ಯಾರಿಗೂ ಹೊಳೆಯುವುದಿಲ್ಲ.

ಪ್ರೇಕ್ಷಕರ ಆರೋಗ್ಯದ ಬಗ್ಗೆ ಸರ್ಕಾರಕ್ಕಿರುವ ಕಾಳಜಿಯನ್ನೂ ಇಲ್ಲಿ ಸ್ಮರಿಸಬೇಕು. 2012ರ ಅಕ್ಟೋಬರ್ 2ರಿಂದ, ಗಾಂಧಿ ಜಯಂತಿಯಂದೇ, ಜಾರಿಗೆ ಬಂದ ನಿಯಮಗಳ ಪ್ರಕಾರ ತೆರೆಯ ಮೇಲೆ ಯಾರಾದರೂ ಬೀಡಿ ಸಿಗರೇಟು ಹಚ್ಚಿದರೆ ಕೆಳಗೆ ಎಚ್ಚರಿಕೆ ಮೂಡಲೇಬೇಕು. ಆದ್ದರಿಂದಲೇ ನಾಯಕನು ಐದು ಜನರನ್ನು ಕಾರಿನೊಳಗೆ ಕೂಡಿಹಾಕಿ ಪೆಟ್ರೋಲು ಸುರಿದು, ಮೊದಲು ತನ್ನ ಸಿಗರೇಟು ಹಚ್ಚಿಕೊಂಡು, ಬಳಿಕ ಅದೇ ಕಡ್ಡಿಯನ್ನು ಅವರತ್ತ ಎಸೆಯುವಾಗ, ಇದರಲ್ಲಿ ಸಿಗರೇಟಿನ ಭಾಗವು ಹಾನಿಕರ ಎಂಬುದು ನಮಗೆ ಸ್ಪಷ್ಟವಾಗಿ ತಿಳಿಯುತ್ತದೆ. ಹಾಗೆಯೇ ಯುದ್ಧದ ದೃಶ್ಯದಲ್ಲಿ ಕುದುರೆ ಮುಗ್ಗರಿಸಿದರೆ ಮೂಲೆಯಲ್ಲಿ 'ಸಿಜಿಐ' (ಕಂಪ್ಯೂಟರಿನಲ್ಲಿ ಸೃಷ್ಟಿಸಿದ ದೃಶ್ಯ) ಎಂಬ ಅಕ್ಷರಗಳು ಕಾಣಿಸಿಕೊಂಡು ಪ್ರಾಣಿದಯೆಯುಳ್ಳವರ ಎದೆಬಡಿತವನ್ನು ಹತೋಟಿಗೆ ತರುತ್ತವೆ. ಆ ಕುದುರೆಯ ಮೇಲಿದ್ದು ತಲೆ ಕಳೆದುಕೊಂಡ ಸವಾರನಿಗೆ ಅಂಥ ಯಾವ ಟಿಪ್ಪಣಿಯೂ ಇರುವುದಿಲ್ಲ.

ಎಲ್ಲೋ ಒಮ್ಮೊಮ್ಮೆ ರಕ್ತದ ಪ್ರಮಾಣ ಮಿತಿ ಮೀರಿ ಚಿತ್ರಕ್ಕೆ ಎ ಪ್ರಮಾಣಪತ್ರವೇ ಸಿಗುವುದುಂಟು. ಆಗ ಹದಿನೆಂಟು ತುಂಬದವರಿಗೆ ಚಿತ್ರಮಂದಿರದ ಬಾಗಿಲು ಮುಚ್ಚಿರಬೇಕು. ಬಾಗಿಲಲ್ಲಿ ಆಧಾರ್ ಕಾರ್ಡ್ ಕೇಳಿದ ಬಡಪಾಯಿ ಸಿಬ್ಬಂದಿಗೆ, 'ನನ್ನ ಮಗ, ನಾನು ಕರೆದುಕೊಂಡು ಹೋಗ್ತೀನಿ, ನಿಂದೇನು?' ಎಂದು ಗದರಿಸುವ ಪಾಲಕರೇ ಮರುವಾರ ಮಕ್ಕಳ ಕೈಯಲ್ಲಿ ಮೊಬೈಲು ಹೆಚ್ಚಾಯಿತೆಂದು ಶಾಲೆಯ ಸಭೆಯಲ್ಲಿ ಕಳವಳ ವ್ಯಕ್ತಪಡಿಸುತ್ತಾರೆ. ಹುಡುಗನಿಗಂತೂ ಇದರಿಂದ ಹೆಚ್ಚಿನ ನಷ್ಟವಾಗುವುದಿಲ್ಲ. ಟೀಸರಿನಲ್ಲಿ ಬಂದ ಕೊಲೆಗಳನ್ನು ಅವನು ಯೂಟ್ಯೂಬಿನಲ್ಲಿ ಬಾಯಿಪಾಠ ಮಾಡಿರುತ್ತಾನೆ, ಉಳಿದವು ಕೆಲವೇ ವಾರಗಳಲ್ಲಿ ಒಟಿಟಿಯ ಮೂಲಕ ನಡುಮನೆಗೇ ಬರುತ್ತವೆ. ಟಿವಿಯಲ್ಲಿ ಎ ಚಿತ್ರ ಹಾಕುವಂತಿಲ್ಲವಾದ್ದರಿಂದ ಅದನ್ನು ಮತ್ತೆ ಕತ್ತರಿಸಿ, ಯು/ಎ ಮೊಹರು ಹಾಕಿಸಿ, ಹಬ್ಬದ ದಿನ ಒಬ್ಬಟ್ಟಿನ ಊಟವಾದ ಮೇಲೆ ಪ್ರಸಾರ ಮಾಡಲಾಗುತ್ತದೆ.

ನನ್ನದೊಂದು ವಿನಮ್ರ ಸಲಹೆಯಿದೆ. ವಯಸ್ಸಿನ ಮೊಹರನ್ನು ಕೈಬಿಟ್ಟು ಸಂಬಂಧದ ಮೊಹರು ತರುವುದು ಒಳ್ಳೆಯದು. 'ಗೆಳೆಯರ ಜೊತೆ ನೋಡಬಹುದು', 'ಹೆಂಡತಿಯ ಜೊತೆ ನೋಡಬಹುದು, ಆದರೆ ಮಾವನವರು ಜೊತೆಗಿದ್ದರೆ ಎರಡನೆಯ ಹಾಡಿನ ಹೊತ್ತಿಗೆ ಹೊರಗೆ ಕಾಫಿಗೆ ಹೋಗತಕ್ಕದ್ದು' ಎಂದು ಪ್ರಮಾಣಪತ್ರದಲ್ಲೇ ನಮೂದಿಸಿದರೆ ನಮ್ಮ ನಿಜವಾದ ಸಂಕಟಕ್ಕೆ ಪರಿಹಾರ ಸಿಗುತ್ತದೆ. ಹೊಡೆದಾಟಗಳ ಬಗ್ಗೆ ಏನನ್ನೂ ನಮೂದಿಸಬೇಕಾಗಿಲ್ಲ, ಅವನ್ನು ಬೀಗರ ಜೊತೆಗೂ ನೋಡಬಹುದು.

ಇಂಥ ಚಿತ್ರಗಳ ಕೊನೆಯ ದೃಶ್ಯವಂತೂ ಈಗ ಬಹುತೇಕ ನಿಗದಿಯಾಗಿದೆ. ಹೆಣಗಳ ನಡುವೆ ಬಿದ್ದ ಲಾಂಗನ್ನು ನಾಯಕನ ಪುಟ್ಟ ಮಗ ಎತ್ತಿಕೊಳ್ಳುತ್ತಾನೆ, ಅಜ್ಜಿ ಅವನ ದೃಷ್ಟಿ ತೆಗೆಯುತ್ತಾರೆ, 'ಭಾಗ 2ರಲ್ಲಿ ಮುಂದುವರಿಯುವುದು' ಎಂಬ ಅಕ್ಷರಗಳು ಮೂಡುತ್ತವೆ. ಆ ಬಾಲನಟನ ಹಿತವನ್ನು ಕಾಯಲು ನಮ್ಮಲ್ಲಿ ಕಟ್ಟುನಿಟ್ಟಾದ ನಿಯಮವಿದೆ. 2017ರ ಬಾಲಕಾರ್ಮಿಕ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಯ ಅನುಮತಿಯಿಲ್ಲದೆ ಅವನಿಂದ ನಟನೆ ಮಾಡಿಸುವಂತಿಲ್ಲ, ದಿನಕ್ಕೆ 5 ಗಂಟೆ ಮೀರುವಂತಿಲ್ಲ, ಬಿಡುವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಕೆಳಗೆ ಕುರ್ಚಿಯಲ್ಲಿ ಕೂತು ಅಷ್ಟನ್ನೂ ನೋಡಿದ ಅವನದೇ ವಯಸ್ಸಿನ ಹುಡುಗನಿಗೆ ಈ ನಿಯಮ ಅನ್ವಯಿಸುವುದಿಲ್ಲ. ಒಂದು ವೇಳೆ ಅನ್ವಯಿಸಿದರೂ ನಿರ್ಮಾಪಕರು ಹೆದರಬೇಕಾದದ್ದೇನಿಲ್ಲ. ಚಿತ್ರದ ಅವಧಿ 3 ಗಂಟೆ 10 ನಿಮಿಷವೇ ಆಗಿದ್ದರೂ ನಡುವೆ ಮಧ್ಯಂತರವಿದೆ.